ನನ್ನ ಹೆಸರಿನಲ್ಲಿ ತೆರೆದ ಬಾಗಿಲು

ಬುಧವಾರ ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ನಾನು ಆಫೀಸಿನ ಟೆರೇಸಿನ ಮೇಲೆ ಕೇಕಿನ ತುಂಡು ಹಿಡಿದು ಮೋಡ ನೋಡುತ್ತಾ ನಿಂತಿದ್ದೆ. ಅದೇ ನಿಮಿಷಕ್ಕೆ, ಎರಡು ಮಹಡಿ ಕೆಳಗೆ, ನನ್ನ ಹೆಸರಿಟ್ಟುಕೊಂಡ ಯಾರೋ ನಮ್ಮ ಕಂಪನಿಯ ಮುಖ್ಯ ಪ್ರೋಗ್ರಾಮನ್ನೇ ಅಳಿಸಿಹಾಕಿದರು.

ನಮ್ಮದು ಇಂದಿರಾನಗರದ ಎಂಬತ್ತಡಿ ರಸ್ತೆಯ ಪಕ್ಕದ ಅಡ್ಡರಸ್ತೆಯಲ್ಲಿರುವ ನಲವತ್ತು ಜನರ ಕಂಪನಿ. ಮನೆಮನೆಗೆ ಹೋಗಿ ರಕ್ತದ ಮಾದರಿ ತೆಗೆದುಕೊಂಡು ಲ್ಯಾಬಿಗೆ ಮುಟ್ಟಿಸುವವರಿಗೆ, ಮುಂದಿನ ಮನೆ ಯಾವುದು, ಯಾವ ದಾರಿ ಹಿಡಿಯಬೇಕು ಎಂದು ಫೋನಿನಲ್ಲಿ ತೋರಿಸುವ ಪ್ರೋಗ್ರಾಮು ನಮ್ಮದು. ಅದನ್ನು ನಾವು ರೂಟ್ ಎನ್ನುತ್ತೇವೆ. ಅವತ್ತು ರೂಟ್ ಇದ್ದಕ್ಕಿದ್ದಂತೆ ಇಲ್ಲವಾದಾಗ ಕೆ.ಆರ್. ಪುರದಿಂದ ಹಲಸೂರಿನವರೆಗೆ ಇಪ್ಪತ್ತಾರು ಜನ ಬೈಕು ಬದಿಗೆ ಹಾಕಿ, ಬೆನ್ನಿಗೆ ಐಸಿನ ಡಬ್ಬಿ ಕಟ್ಟಿಕೊಂಡು, ಫೋನು ಅಲ್ಲಾಡಿಸುತ್ತಾ ನಿಂತರು. ಪ್ರೇಮ್‌ಕುಮಾರ್ ಹಳೆಯ ಪ್ರತಿಯಿಂದ ಅದನ್ನು ಮತ್ತೆ ಎಬ್ಬಿಸುವ ಹೊತ್ತಿಗೆ ಐವತ್ತು ನಿಮಿಷ ಕಳೆದು ಹದಿನೆಂಟು ಮಾದರಿಗಳು ಕೆಟ್ಟಿದ್ದವು. ಹದಿನೆಂಟು ಜನ ಮತ್ತೊಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೂತು ಮತ್ತೊಂದು ಸೂಜಿ ಚುಚ್ಚಿಸಿಕೊಳ್ಳಬೇಕಾಯಿತು.

ಪ್ರೇಮ್ ನಮ್ಮ ತಂಡದ ಮುಖ್ಯಸ್ಥ. ಮಧ್ಯಾಹ್ನ ನನ್ನನ್ನು ಗಾಜಿನ ಕೋಣೆಗೆ ಕರೆದು, ತಮ್ಮ ಪರದೆಯನ್ನು ನನ್ನತ್ತ ತಿರುಗಿಸಿದರು.

ನಮ್ಮ ಪ್ರೋಗ್ರಾಮುಗಳು ಕಂಟೇನರ್ ಎಂಬ ಡಬ್ಬಿಗಳೊಳಗೆ ಓಡುತ್ತವೆ. ಅಂಥ ನೂರಾರು ಡಬ್ಬಿಗಳನ್ನು ನೋಡಿಕೊಳ್ಳುವ ಯಂತ್ರಗಳ ಕೂಟಕ್ಕೆ ಕ್ಲಸ್ಟರ್ ಎನ್ನುತ್ತಾರೆ. ಅದು ದೂರದಲ್ಲೆಲ್ಲೋ ಇದೆ, ಅದನ್ನು ಯಾರೂ ಕಣ್ಣಾರೆ ನೋಡಿಲ್ಲ. ಅದರ ಬಾಗಿಲಲ್ಲಿ ನಿಂತ ಕಾವಲು, ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಏನು ಮಾಡೆಂದರು ಎಂದೆಲ್ಲ ಬರೆದಿಡುತ್ತದೆ. ಪ್ರೇಮ್ ತೋರಿಸಿದ ಸಾಲಿನಲ್ಲಿ ಹೀಗಿತ್ತು: ತೇಜಶ್ರೀ. ಹನ್ನೊಂದು ನಲವತ್ತು. ರೂಟ್ ಅಳಿಸು.

"ಇದು ನೀವೇನಾ?"

"ಅಲ್ಲ ಪ್ರೇಮ್. ನಾನು ಟೆರೇಸಲ್ಲಿದ್ದೆ. ನೀವೇ ತಾನೇ ನನ್ನ ಕೈಗೆ ಕೇಕ್ ಕೊಟ್ಟಿದ್ದು?"

"ಅದಕ್ಕೇ ಕೇಳ್ತಿರೋದು. ಕೈಯಲ್ಲಿ ಕೇಕ್ ಇರೋವಾಗ ನಿಮ್ಮ ಲ್ಯಾಪ್‌ಟಾಪ್ ಕೆಲಸ ಮಾಡಿದೆ. ಬೇರೆ ಕಡೆಯಿಂದಲ್ಲ, ನಿಮ್ಮ ಲ್ಯಾಪ್‌ಟಾಪಿಂದ್ಲೇ ಹೋಗಿದೆ. ಲಾಕ್ ಮಾಡಿದ್ರಾ?"

"ಮಾಡಿದ್ದೆ."

"ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ."

"ಇಲ್ಲಿ ನೋಡಿ. ಈ ಕಮಾಂಡ್ ಕಳ್ಸಿರೋದು ಪೈಥಾನ್ ಭಾಷೇಲಿ ಬರ್ದಿರೋ ಒಂದು ಪ್ರೋಗ್ರಾಮು. ನೀವು ಪೈಥಾನ್ ಬರಿಯಲ್ಲ." ಅವರು ಗಾಜಿನಾಚೆ ನೋಡಿದರು. ಸುಗತನ ಬೆನ್ನು ಕಾಣುತ್ತಿತ್ತು. "ಬರಿಯೋರು ಯಾರು? ಕೇಕಿಗೆ ಬರದೇ ಇದ್ದೋರು ಯಾರು?"

ಸುಗತ ನನ್ನ ಪಕ್ಕದ ಸೀಟಿನವನು, ಹಲಸೂರಿನ ಹುಡುಗ. ನಾನು ಸೇರಿದ ಹೊಸದರಲ್ಲಿ ಈ ಕ್ಲಸ್ಟರಿನ ವಿದ್ಯೆಯನ್ನೆಲ್ಲ ನನಗೆ ಹೇಳಿಕೊಟ್ಟವನು ಅವನೇ. ಎರಡು ತಿಂಗಳ ಹಿಂದೆ ರಾಜೀನಾಮೆ ಕೊಟ್ಟಿದ್ದ. ಶುಕ್ರವಾರ ಅವನ ಕೊನೆಯ ದಿನ. ಬುಧವಾರದ ಕೇಕು ಅವನ ಬೀಳ್ಕೊಡುಗೆಗೆಂದೇ ತಂದದ್ದು. ಬಿಟ್ಟುಹೋಗುವವನ ಮೇಲೆ ಆಫೀಸಿನಲ್ಲಿ ಒಂದು ಬಗೆಯ ಕಣ್ಣಿರುತ್ತದೆ, ಊರು ಬಿಡುವವನ ಗಂಟನ್ನು ನೋಡುವಂಥ ಕಣ್ಣು.

"ನೀವು ಕೆಳಗೆ ಬಂದಾಗ ನಿಮ್ಮ ಸೀಟ್ ಹತ್ರ ಯಾರಾದ್ರೂ ಇದ್ರಾ, ತೇಜಶ್ರೀ?"

ಇದ್ದ. ಮೆಟ್ಟಿಲಿಳಿದು ಬಂದಾಗ ನನ್ನ ಮೇಜಿನ ಮೇಲೆ ಬಾಗಿ ನಿಂತಿದ್ದ. ನನ್ನನ್ನು ಕಂಡು ಸೆಟೆದು ನಿಂತ. ಆಗ ಅದು ಏನೂ ಅನ್ನಿಸಿರಲಿಲ್ಲ. ಈಗ, ಗಾಜಿನ ಕೋಣೆಯೊಳಗೆ, ಅದೇ ಬಾಗುವಿಕೆ ಕಳ್ಳಬೆಕ್ಕಿನದರಂತೆ ಕಾಣತೊಡಗಿತು.

"ಸುಗತ ನಿಂತಿದ್ದ," ಎಂದೆ.

ಅಷ್ಟೇ ಹೇಳಿದೆ. ಹೇಳಿದ್ದು ಸುಳ್ಳೇನಲ್ಲ. ಆದರೆ ಹೇಳದೆ ಬಿಟ್ಟದ್ದು ಇನ್ನೊಂದಿತ್ತು.

ನನ್ನ ಅಜ್ಜಿ ದೊಡ್ಡಮುನಿಯಮ್ಮ ಹೇಳುತ್ತಿದ್ದ ಒಂದು ಕಥೆಯಲ್ಲಿ ಒಬ್ಬ ಗೌಡತಿಗೆ ಕುರುಡು ನಾಯಿ ಇತ್ತು. ಅದು ಕಣಜದ ಬಾಗಿಲಲ್ಲಿ ಮಲಗಿರುತ್ತಿತ್ತು. ಗೌಡತಿಯ ಕಂಬಳಿಯ ವಾಸನೆ ಬಂದರೆ ಬಾಲ ಆಡಿಸಿ ದಾರಿ ಬಿಡುತ್ತಿತ್ತು, ಬರದಿದ್ದರೆ ಮೀನಖಂಡ ಹರಿಯುತ್ತಿತ್ತು. ಒಂದು ದಿನ ಗೌಡತಿ ಕಂಬಳಿಯನ್ನು ಬೇಲಿಯ ಮೇಲೆ ಒಣಹಾಕಿ ಮರೆತಳು. ಅವತ್ತು ಆ ಕಂಬಳಿ ಹೊದ್ದು ಊರಿಗೆ ಊರೇ ಕಣಜಕ್ಕೆ ಹೋಗಿಬಂತು, ನಾಯಿ ಬಾಲ ಆಡಿಸುತ್ತಲೇ ಇತ್ತು.

ನಮ್ಮ ಕೆಲಸದಲ್ಲಿ ಪ್ರಾಕ್ಸಿ ಎಂದರೆ ಆ ಕಂಬಳಿ. ಅದು ನನ್ನ ಲ್ಯಾಪ್‌ಟಾಪಿನಲ್ಲೇ ಓಡುವ ಒಂದು ಪುಟ್ಟ ಪ್ರೋಗ್ರಾಮು. ಅದನ್ನು ಹಚ್ಚಿದರೆ ನನ್ನ ಯಂತ್ರದಲ್ಲಿ ಒಂದು ಬಾಗಿಲು ತೆರೆಯುತ್ತದೆ. ಆ ಬಾಗಿಲು ತಟ್ಟಿದವರಿಗೆ ಅದು ನನ್ನ ಗುರುತನ್ನು ಹೊದಿಸಿ ಕ್ಲಸ್ಟರಿಗೆ ಕಳಿಸುತ್ತದೆ, ಗುಟ್ಟಿನ ಮಾತೂ ಕೇಳುವುದಿಲ್ಲ, ಹೆಸರೂ ಕೇಳುವುದಿಲ್ಲ. ಸಾಮಾನ್ಯವಾಗಿ ಆ ಬಾಗಿಲು ನನ್ನ ಲ್ಯಾಪ್‌ಟಾಪಿನೊಳಗೇ ತೆರೆಯುತ್ತದೆ, ನನ್ನ ಹೊರತು ಇನ್ನೊಬ್ಬರು ತಟ್ಟಲಾರರು. ಆದರೆ ಕಮಾಂಡಿನ ಕೊನೆಗೆ ಎರಡು ಮಾತು ಸೇರಿಸಿದರೆ ಆಫೀಸಿನ ವೈಫೈಯಲ್ಲಿರುವ ಯಾರು ಬೇಕಾದರೂ ತಟ್ಟಬಹುದು.

ಸೋಮವಾರ ನಾನು ಆ ಎರಡು ಮಾತು ಸೇರಿಸಿದ್ದೆ, ಸಾಮಿಯಾಗೋಸ್ಕರ.

ಸಾಮಿಯಾ ಶಿವಾಜಿನಗರದಿಂದ ಬರುವ ನನ್ನ ಗೆಳತಿ. ನಾವು ಬರೆದದ್ದು ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಅವಳ ಕೆಲಸ. ಪರೀಕ್ಷೆಗೆಂದೇ ಇರುವ ಟೆಸ್ಟ್ ಕ್ಲಸ್ಟರಿಗೆ ಅವಳಿಗೆ ಪ್ರವೇಶ ಬೇಕಿತ್ತು. ಮೂರು ವಾರದಿಂದ ಅವಳ ಅರ್ಜಿ ಪ್ರೇಮ್ ಒಪ್ಪಿಗೆಗೆ ಕಾದು ಕೂತಿತ್ತು. "ಬರೀ ನೋಡೋಕೆ ಕಣೇ, ಡಬ್ಬಿ ಎದ್ದಿದ್ಯಾ ಮಲಗಿದ್ಯಾ ಅಂತ," ಎಂದು ಗೋಗರೆದಿದ್ದಳು. ಬಾಗಿಲು ತೆರೆದು ವಿಳಾಸ ಕೊಟ್ಟೆ. ಹೀಗೆ ಮಾಡಬಾರದೆಂಬ ನಿಯಮಕ್ಕೆ ನಾನು ಸಹಿ ಹಾಕಿದ್ದೆ. ಆದರೂ ಬುಧವಾರ ಬಾಯಿ ಬಿಡಲಿಲ್ಲ. ನಾನು ತೆರೆದದ್ದು ಟೆಸ್ಟ್ ಕ್ಲಸ್ಟರಿನ ಬಾಗಿಲು, ಅಳಿಸಿಹೋದ ರೂಟ್ ಇದ್ದದ್ದು ನಿಜವಾದ ಕ್ಲಸ್ಟರಿನಲ್ಲಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಸುಮ್ಮನೆ ಯಾಕೆ ಮೈಮೇಲೆ ಎಳೆದುಕೊಳ್ಳಲಿ ಎಂದು ಸುಮ್ಮನಾದೆ.

ಗುರುವಾರ ಬೆಳಿಗ್ಗೆ ಎಲ್ಲರ ಪ್ರವೇಶಕ್ಕೂ ಬೀಗ ಬಿತ್ತು. ಕೆಲಸವಿಲ್ಲದ ಆಫೀಸು ಪಿಸುಮಾತಿನ ಗೂಡಾಯಿತು. ಜನ ಬಚ್ಚಲಿಗೆ ಹೋಗುವಾಗಲೂ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು. ಆಫೀಸಿನ ಕಾಗದಪತ್ರ ನೋಡಿಕೊಳ್ಳುವ ಸುಭದ್ರಮ್ಮ ಬುಧವಾರ ಬಂದುಹೋದವರ ಪುಸ್ತಕ ಹಿಡಿದು ಒಂದೊಂದು ಹೆಸರಿಗೂ ಬೆರಳಿಟ್ಟು ಓದುತ್ತಿದ್ದರು. ನೀರಿನ ಕ್ಯಾನ್ ತಂದವರ ಹೆಸರಿನ ಮುಂದೆಯೂ ಒಂದು ಪ್ರಶ್ನೆಚಿಹ್ನೆ ಬಿತ್ತು.

ಊಟಕ್ಕೆ ಮುಂಚೆ ಸುಗತ ಗಾಜಿನ ಕೋಣೆಗೆ ಹೋಗಿ ಬಂದ. ಬಂದವನು ನನ್ನ ಮೇಜಿನಿಂದ ನಾಲ್ಕು ಹೆಜ್ಜೆ ದೂರ ನಿಂತು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ.

"ಇಲ್ಲೇ ನಿಂತು ಮಾತಾಡ್ತೀನಿ ತೇಜು. ಇನ್ನೊಂದು ಹೆಜ್ಜೆ ಮುಂದಕ್ಕೆ ಬಂದ್ರೆ ಅದಕ್ಕೂ ಸಾಕ್ಷಿ ಹೇಳ್ತೀಯೇನೋ."

"ನಿಂತಿದ್ದೆ ತಾನೇ? ಕೇಳಿದ್ರು, ಹೇಳ್ದೆ."

"ನಿಂತಿದ್ದೆ. ನನ್ನ ಚಾರ್ಜರ್ ತಗೊಳ್ಳೋಕೆ ಬಂದಿದ್ದೆ. ಸೋಮವಾರ ನೀನು ತಗೊಂಡು ವಾಪಸ್ ಕೊಡದೇ ಇದ್ದಿದ್ದು."

"ಅದನ್ನ ಪ್ರೇಮ್‌ಗೆ ಹೇಳು."

"ಹೇಳ್ದೆ. ಎಲ್ರೂ ಮೇಲಿರೋವಾಗ್ಲೇ ಚಾರ್ಜರ್ ನೆನಪಾಯ್ತಾ ಅಂತ ಕೇಳಿದ್ರು. ಕೇಕಿಗೆ ಯಾಕೆ ಬರ್ಲಿಲ್ಲ ಅಂದ್ರು. ಹೋಗೋನ ಬಾಯಿಗೆ ಕೇಕ್ ತುರುಕಿ ಎಲ್ರೂ ಮುಖ ನೋಡ್ತಾರೆ, ನಂಗೆ ಆಗಲ್ಲ ಗುರು, ಅದಕ್ಕೆ ಕೂತು ಹ್ಯಾಂಡೋವರ್ ಬರೀತಿದ್ದೆ ಅಂದೆ. ತಲೆ ಆಡ್ಸಿದ್ರು. ನಂಬ್ದೇ ಇರೋರು ಆಡ್ಸೋ ಥರ." ಅವನ ದನಿ ಕುಗ್ಗಿತು. "ರಿಲೀವಿಂಗ್ ಲೆಟರ್ ಕೊಡಲ್ವಂತೆ. ವಿಚಾರಣೆ ಮುಗಿಯೋವರೆಗೆ ಕೊಡಲ್ವಂತೆ. ಸೋಮವಾರ ಒಂಬತ್ತೂವರೆಗೆ ಹೊಸ ಕಂಪನಿ ಬಾಗಿಲಲ್ಲಿ ಆ ಕಾಗದ ಹಿಡ್ಕೊಂಡು ನಿಲ್ಬೇಕು. ಇಲ್ಲಾಂದ್ರೆ ಅಲ್ಲಿಂದಾನೇ ವಾಪಸ್ ಕಳಿಸ್ತಾರೆ. ಇಲ್ಲಿ ನನ್ನ ಸೀಟಿಗೆ ಆಗ್ಲೇ ಬೇರೆಯವರು ಬಂದಾಯ್ತು."

ಅವನು ನನ್ನ ಲ್ಯಾಪ್‌ಟಾಪನ್ನೇ ದಿಟ್ಟಿಸಿದ.

"ನಾನು ಮುಟ್ಟಿಲ್ಲ. ಲಾಕ್ ಆಗಿತ್ತು. ಆದ್ರೂ ಇದರಿಂದ್ಲೇ ಹೋಗಿದೆ ಅಂದ್ರೆ ಒಳಗೆ ಏನೋ ಓಡ್ತಾ ಇತ್ತು. ಏನ್ ಓಡಿಸ್ತಿದ್ದೆ ನೀನು?"

"ಏನಿಲ್ಲ."

"ಪ್ರಾಕ್ಸಿ ಗೀಕ್ಸಿ?"

"ಇಲ್ಲ ಅಂದ್ನಲ್ಲ."

ಅವನು ಹೊರಟುಹೋದ. ನನ್ನನ್ನು ಕೊರೆದದ್ದು ನಾನು ಹೇಳಿದ ಸುಳ್ಳಲ್ಲ. ಪ್ರಾಕ್ಸಿ ಎಂಬ ಮಾತು ಅವನ ಬಾಯಿಗೆ ಹೇಗೆ ಬಂತು? ಜಗತ್ತಿನಲ್ಲಿ ನೂರು ವಿಷಯವಿರುವಾಗ ಸರಿಯಾಗಿ ಅದನ್ನೇ ಹೇಗೆ ಕೇಳಿದ? ತೆರೆದ ಬಾಗಿಲನ್ನು ಕಂಡವನಿಗೆ ತಾನೇ ಅದು ಗೊತ್ತಿರುವುದು? ಅಲ್ಲಿಯವರೆಗೆ ನನಗಿದ್ದದ್ದು ಅರೆಮನಸ್ಸಿನ ಅನುಮಾನ. ಆ ಒಂದು ಮಾತಿನಿಂದ ಅದಕ್ಕೆ ಮೂಳೆ ಬಲಿಯಿತು. ಇವನೇ, ಎಂದುಕೊಂಡೆ. ಇವನೇ ಮಾಡಿ, ಈಗ ನನ್ನ ಬಾಯಿಂದಲೇ ಹೊರಡಿಸಿ, ನನ್ನ ತಲೆಗೆ ಕಟ್ಟಲು ನೋಡುತ್ತಿದ್ದಾನೆ.

ಆದರೆ ವಿಳಾಸ ಅವನಿಗೆ ಹೇಗೆ ಸಿಕ್ಕಿತು? ಅದು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ.

ಸಾಮಿಯಾ ಊಟದ ಕೋಣೆಯ ಮೂಲೆಯಲ್ಲಿ ಒಬ್ಬಳೇ ಕೂತಿದ್ದಳು. ಎದುರಿಗೆ ಅವಳ ಅಮ್ಮ ಕಟ್ಟಿಕೊಟ್ಟ ಖೀಮಾ, ಪಕ್ಕದಲ್ಲಿ ಲ್ಯಾಪ್‌ಟಾಪು. ನನ್ನನ್ನು ಕಂಡ ಕೂಡಲೇ ಅದರ ಮುಚ್ಚಳ ಮುಚ್ಚಿದಳು.

"ಏನದು?"

"ಏನಿಲ್ಲ, ಕೂತ್ಕೋ."

"ನಾನು ಬಂದಿದ್ದಕ್ಕೆ ಮುಚ್ಚಿದೆ."

"ಅರೆ, ಊಟ ಮಾಡೋವಾಗ ಮುಚ್ಚಬಾರ್ದಾ?"

ನಾನು ಕೂರಲಿಲ್ಲ. "ಸೋಮವಾರ ಕೊಟ್ಟ ಅಡ್ರೆಸ್, ಸುಗತಂಗೆ ಹೇಳಿದ್ಯಾ?"

"ಅಲ್ಲಾ ಕಸಮ್, ಯಾರಿಗೂ ಹೇಳಿಲ್ಲ." ಅವಳ ಹುಬ್ಬು ಗಂಟಿಕ್ಕಿತು. "ನೀನು ಯಾರ್ಯಾರಿಗೆ ಕೊಟ್ಟಿದ್ಯೋ ನಂಗೇನ್ ಗೊತ್ತು?"

"ನಿನಗೊಬ್ಬಳಿಗೇ ಕೊಟ್ಟಿದ್ದು. ಏನ್ ಮಾಡ್ತಿದ್ದೆ ಈಗ, ನಿಜ ಹೇಳು."

"ನಿನ್ನ ಅಡ್ರೆಸ್ ಅಳಿಸ್ತಿದ್ದೆ, ಸಾಕಾ?"

"ಯಾಕೆ?"

"ಕೈಕು ಅಂತ ಕೇಳ್ತೀಯಾ? ನಾಳೆ ಎಲ್ಲರ ಲ್ಯಾಪ್‌ಟಾಪ್ ತೆಗೆದು ನೋಡ್ತಾರಂತೆ. ನಿನ್ನ ಹೆಸರು ಹಾಕ್ಕೊಂಡು ಒಳಗೆ ಹೋಗ್ತಿದ್ದವಳು ಇವಳು ಅಂತ ಸಿಕ್ಕಿದ್ರೆ? ನಿಂಗೆ ಪಾಪ ಅಂತಾರೆ ತೇಜು. ನಂಗೆ ಯಾರೂ ಅನ್ನಲ್ಲ."

"ನೀನು ಹೋಗ್ತಿದ್ದಿದ್ದು ಟೆಸ್ಟ್‌ಗೆ. ಭಯ ಯಾಕೆ?"

"ನೀನು ತೆರೆದಿದ್ದೂ ಟೆಸ್ಟ್‌ಗೆ. ಮತ್ತೆ ನೀನ್ಯಾಕೆ ಪ್ರೇಮ್‌ಗೆ ಹೇಳ್ಲಿಲ್ಲ?"

ಅವಳು ಖೀಮಾ ಡಬ್ಬಿಯನ್ನು ನನ್ನ ಕಡೆಗೆ ತಳ್ಳಲಿಲ್ಲ. ದಿನವೂ ತಳ್ಳುತ್ತಿದ್ದಳು.

ಸಂಜೆ ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಇಳಿದು ಆಟೋ ಹಿಡಿದು ಕಗ್ಗದಾಸಪುರ ಸೇರುವಷ್ಟರಲ್ಲಿ ತಲೆ ಕಾದ ಹೆಂಚಾಗಿತ್ತು. ಅಜ್ಜಿ ಹೊಸ್ತಿಲ ಬಳಿ ಮೊರದಲ್ಲಿ ಅವರೆಕಾಯಿ ಸುರುವಿಕೊಂಡು ಕೂತಿದ್ದಳು.

"ಯಾಕವ್ವಾ, ಮಖ ಹಿಂಗೈತೆ?"

"ಯಾರೋ ನನ್ನ ಹೆಸರು ಹೇಳ್ಕೊಂಡು ಹೋಗಿ ಆಫೀಸಲ್ಲಿ ಕೆಟ್ಟ ಕೆಲಸ ಮಾಡವ್ರೆ ಅಜ್ಜಿ. ಪಕ್ಕದ ಹುಡುಗನ್ ಮೇಲೆ ಅನುಮಾನ."

"ಯಾವನು, ಆ ಹಲಸೂರವ್ನಾ? ನಂಗೆ ಜ್ವರ ಬಂದಾಗ ಆಸ್ಪತ್ರೆಗೆ ಗಾಡಿ ತಂದೋನಾ?"

"ಹೂಂ."

ಅಜ್ಜಿ ನಾಲ್ಕು ಕಾಯಿ ಸುಲಿದಳು. "ನಿಮ್ಮಮ್ಮನ ಓಲೆ ಕಳ್ದೋದಾಗ ಊರನ್ನೆಲ್ಲ ಬೈದಿದ್ಲು. ನಾ ಏನಂದೆ ಗೊತ್ತಾ? ಬೈಯೋದು ಆಮ್ಯಾಕಿರ್ಲಿ, ಬೆಳಿಗ್ಗೆ ಎದ್ದು ಏನೇನ್ ಮಾಡ್ದೆ ಅಂತ ಮೊದ್ಲಿಂದ ಒಂದೊಂದೇ ಹೇಳವ್ವ ಅಂದೆ."

"ಸಿಕ್ತಾ?"

"ಕೊಟ್ಟಿಗೆ ಕಸದಾಗಿತ್ತು. ಅವಳೇ ಬಳಿದು ಹಾಕಿದ್ಲು."

ಅಜ್ಜಿ ಮಾತಿಗೆಂದಲ್ಲ, ಮಾಡಲು ಬೇರೇನೂ ಇರಲಿಲ್ಲವೆಂದು ಲ್ಯಾಪ್‌ಟಾಪ್ ತೆಗೆದೆ. ಕ್ಲಸ್ಟರಿಗೆ ಬೀಗವಿದ್ದರೂ ನಾನು ಟೈಪ್ ಮಾಡಿದ ಕಮಾಂಡುಗಳ ಪಟ್ಟಿ ನನ್ನ ಯಂತ್ರದಲ್ಲೇ ಇರುತ್ತದೆ, ಹೊತ್ತಿನ ಸಮೇತ. ಬುಧವಾರದ ಬೆಳಗನ್ನು ಮೊದಲಿಂದ ಒಂದೊಂದೇ ಓದಿಕೊಂಡೆ.

ಒಂಬತ್ತೂ ಐವತ್ತು. ಬಾಣಸವಾಡಿಯ ಲ್ಯಾಬಿನವರು ರೂಟ್ ತಡವರಿಸುತ್ತಿದೆ ಎಂದು ದೂರು ಕೊಟ್ಟಿದ್ದರು. ಅದನ್ನು ನೋಡಲು ಟೆಸ್ಟ್ ಕ್ಲಸ್ಟರಿನಿಂದ ನಿಜವಾದ ಕ್ಲಸ್ಟರಿನ ಕಡೆ ತಿರುಗಿದ್ದೆ. ನೋಡಿದೆ, ಸರಿಯಿತ್ತು. ಮತ್ತೆ ಇತ್ತ ತಿರುಗಲಿಲ್ಲ.

ಹತ್ತೂ ಇಪ್ಪತ್ತೈದು. ಲ್ಯಾಪ್‌ಟಾಪ್ ಏನೋ ಅಪ್‌ಡೇಟ್ ಎಂದು ತಾನೇ ಮುಚ್ಚಿ ತಾನೇ ತೆರೆದುಕೊಂಡಿತ್ತು. ಸೋಮವಾರ ಹಚ್ಚಿದ ಪ್ರಾಕ್ಸಿ ಅಲ್ಲಿಗೆ ಸತ್ತಿತ್ತು.

ಹತ್ತೂ ಮೂವತ್ತೊಂದು. ಸಾಮಿಯಾಗೆ ತೊಂದರೆಯಾಗದಿರಲಿ ಎಂದು ಮತ್ತೆ ಹಚ್ಚಿದ್ದೆ. ಅದನ್ನು ಹೊಸದಾಗಿ ಟೈಪ್ ಮಾಡಿರಲಿಲ್ಲ. ನಮ್ಮ ಕೆಲಸದಲ್ಲಿ ಯಾರೂ ಮಾಡುವುದಿಲ್ಲ. ಮೇಲ್ಮುಖ ಬಾಣದ ಕೀಲಿ ಒತ್ತುತ್ತಾ ಹೋದರೆ ಹಳೆಯ ಕಮಾಂಡುಗಳು ಒಂದೊಂದಾಗಿ ಬರುತ್ತವೆ. ಬೇಕಾದದ್ದು ಬಂದಾಗ ಎಂಟರ್ ಒತ್ತಿದರೆ ಆಯಿತು. ಹಾಗೇ ಒತ್ತಿದ್ದೆ, ಬಹುಶಃ ಕಿಟಕಿಯಾಚೆ ನೋಡುತ್ತಾ. ಅಕ್ಷರಕ್ಷರವೂ ಸೋಮವಾರದ್ದೇ ಕಮಾಂಡು. ಆದರೆ ಯಾವ ಕ್ಲಸ್ಟರಿಗೆ ಎಂಬುದು ಆ ಕಮಾಂಡಿನಲ್ಲಿ ಬರೆದಿರುವುದಿಲ್ಲ. ಹಚ್ಚುವ ಹೊತ್ತಿಗೆ ನಾನು ಯಾವ ಕಡೆ ತಿರುಗಿದ್ದೇನೋ ಆ ಕಡೆಗೇ ಅದು ಬಾಗಿಲು ತೆರೆಯುತ್ತದೆ. ಬುಧವಾರ ನಾನು ತಿರುಗಿದ್ದದ್ದು ನಿಜವಾದ ಕ್ಲಸ್ಟರಿನ ಕಡೆಗೆ.

ಸಾಮಿಯಾಗೆ ಫೋನ್ ಮಾಡಿದೆ.

"ನನ್ನ ಬಾಗಿಲಲ್ಲಿ ನೀನು ಬರೀ ನೋಡ್ತಿದ್ಯಾ, ಏನಾದ್ರೂ ಮಾಡ್ತಿದ್ಯಾ?"

"ಮತ್ತೆ ಶುರುನಾ?"

"ಸಾಮಿಯಾ, ಪ್ಲೀಸ್."

"ಬೆಳಿಗ್ಗೆ ಒಂದ್ಸಲ ಹಳೇ ರೂಟ್ ಅಳಿಸ್ತೀನಿ. ಟೆಸ್ಟಲ್ಲಿ ಎರಡು ನಿಮಿಷಕ್ಕೆ ಹೊಸದು ತಾನೇ ಹುಟ್ಟತ್ತೆ, ಆಮೇಲೆ ಅದನ್ನ ಪರೀಕ್ಷೆ ಮಾಡ್ತೀನಿ. ಅದಕ್ಕೊಂದು ಪೈಥಾನ್ ಸ್ಕ್ರಿಪ್ಟ್ ಬರ್ದಿದೀನಿ. ದಿನಾ ಹನ್ನೊಂದು ನಲವತ್ತಕ್ಕೆ ಅದರ ಪಾಡಿಗೆ ಓಡತ್ತೆ. ಕೇಕ್ ಕಟ್ ಮಾಡೋವಾಗ್ಲೂ ಓಡಿರತ್ತೆ. ಹೊಸದು ಹುಟ್ಟಿಲ್ಲ ಅಂತ ಕೆಂಪಗೆ ತೋರಿಸ್ತಿತ್ತು, ಯಾವಾಗ್ಲೂ ಇರೋದೇ ಅಂತ ಬಿಟ್ಟೆ. ಕೈಕು?"

ಹೇಳಿದೆ. ಆ ಕಡೆ ರಸ್ತೆಯ ಸದ್ದು, ಯಾರದೋ ಸ್ಕೂಟರಿನ ಹಾರನ್.

"ಯಾ ಅಲ್ಲಾ," ಎಂದಳು. ಆಮೇಲೆ, "ಬೇಕೂಂತ ತಿರುಗಿಸಿಟ್ಟಿದ್ಯಾ?"

"ಹುಚ್ಚಾ ನಿಂಗೆ?"

"ಕೇಳ್ಬೇಕಲ್ಲ." ದನಿ ತಗ್ಗಿಸಿದಳು. "ಯಾರಿಗೆ ಗೊತ್ತಿದೆ ಇದು?"

"ನಮ್ಮಿಬ್ಬರಿಗೆ."

"ನಾನಂತೂ ಅಡ್ರೆಸ್ ಅಳಿಸಿದೀನಿ ತೇಜು." ಅವಳು ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಉಳಿದದ್ದು ನನ್ನ ಯಂತ್ರದಲ್ಲಿನ ಆ ಪಟ್ಟಿ ಒಂದೇ. ಅದನ್ನು ಅಳಿಸಲು ಒಂದು ಸಾಲು ಸಾಕು. ಅಳಿಸಿದರೆ ನಾನು ಯಾರೋ ಗುರುತು ಕದ್ದ ಪಾಪದ ಹುಡುಗಿಯಾಗಿ ಉಳಿಯುತ್ತಿದ್ದೆ. ಸುಗತ ಸೋಮವಾರ ಒಂಬತ್ತೂವರೆಗೆ ಬರಿಗೈಯಲ್ಲಿ ನಿಲ್ಲುತ್ತಿದ್ದ. ಬೆರಳನ್ನು ಕೀಲಿಯ ಮೇಲೆ ಇಟ್ಟೂ ನೋಡಿದೆ. ಒಳಗಿನಿಂದ ಅಜ್ಜಿ ಊಟಕ್ಕೆ ಕರೆದಳು. ಮುಚ್ಚಳ ಮುಚ್ಚಿ ಎದ್ದೆ.

ಶುಕ್ರವಾರ ಹತ್ತು ಗಂಟೆಗೆ ಗಾಜಿನ ಕೋಣೆಯಲ್ಲಿ ಎಲ್ಲ ಹೇಳಿದೆ. ಪಟ್ಟಿಯನ್ನೂ ತೋರಿಸಿದೆ. ಬೈಯುತ್ತಾರೆಂದು ಕಾದಿದ್ದೆ. ಪ್ರೇಮ್ ಬೈಯಲಿಲ್ಲ. ಕುರ್ಚಿಗೆ ಒರಗಿ ನನ್ನನ್ನೇ ನೋಡಿದರು.

"ಸುಗತ ಹೇಳಿಕೊಟ್ರಾ ಇದು?"

"ಅಂದ್ರೆ?"

"ನಿನ್ನೆ ನೀವಿಬ್ರೂ ನಿಂತು ಮಾತಾಡ್ತಿದ್ರಿ, ಸುಭದ್ರಮ್ಮ ನೋಡಿದಾರೆ. ಇವತ್ತು ಅವರ ಕೊನೇ ದಿನ. ಇವತ್ತೇ ನಿಮಗೆ ಸತ್ಯ ನೆನಪಾಯ್ತು."

"ಪ್ರೇಮ್, ಪಟ್ಟಿ ನೋಡಿ—"

"ಅದೊಂದು ಫೈಲು. ನಿನ್ನೆ ಸಂಜೆ ಕೂತು ಯಾರ್ ಬೇಕಾದ್ರೂ ತಿದ್ದಬಹುದು. ಆಯ್ತು, ನಿಮ್ಮ ಬಾಗಿಲು ತಟ್ಟಿದ್ದು ಯಾರು?"

ಸಾಮಿಯಾಳ ಹೆಸರು ಹೇಳದೆ ಇದು ನಿಲ್ಲುವುದಿಲ್ಲವೆಂದು ಗೊತ್ತಿತ್ತು. ಹೇಳಿದರೆ ಸುಗತನ ಜಾಗದಲ್ಲಿ ಅವಳನ್ನು ನಿಲ್ಲಿಸಿದಂತೆ.

"ನೋಡಿದ್ರಾ? ಹೆಸರಿಲ್ಲ. ಯಾಕಂದ್ರೆ ಅಂಥವರು ಯಾರೂ ಇಲ್ಲ."

ಬಾಗಿಲು ತೆರೆಯಿತು. ಸಾಮಿಯಾ ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಗಾಜಿನಾಚೆಯಿಂದ ನನ್ನ ಮುಖ ನೋಡುತ್ತಲೇ ಇದ್ದಳೇನೋ.

"ಇದೀನಿ. ನಾನೇ," ಎಂದಳು. "ಸ್ಕ್ರಿಪ್ಟ್ ನಂದು. ಅಡ್ರೆಸ್ ಅಳಿಸಿದ್ದೆ, ವಾಪಸ್ ಹಾಕಿದೀನಿ, ನೋಡಿ." ಆಮೇಲೆ ಉಸಿರು ತೆಗೆದುಕೊಂಡು, "ನನ್ನ ಅರ್ಜಿ ಮೂರು ವಾರದಿಂದ ನಿಮ್ಮ ಹತ್ರ ಇದೆ ಪ್ರೇಮ್. ನಾಲ್ಕು ಸಲ ನೆನಪು ಮಾಡಿದೀನಿ," ಎಂದಳು.

ಪ್ರೇಮ್ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಮೂರು ಜನ ಸೇರಿ ಮಾಡಿದ ನಾಟಕವೋ ಏನೋ ಎಂದು ಅಳೆಯುವುದು ಅವರ ಕಣ್ಣಿನಲ್ಲಿ ಕಾಣುತ್ತಿತ್ತು.

"ನಂಬಬೇಡಿ," ಎಂದೆ. "ನನಗೆ ಹತ್ತು ನಿಮಿಷ ಟೆಸ್ಟ್ ಕ್ಲಸ್ಟರ್ ಬಿಟ್ಟುಕೊಡಿ. ಅದೇ ಕಮಾಂಡ್ ಹಚ್ತೀನಿ, ಲಾಕ್ ಮಾಡ್ತೀನಿ, ಕೈ ಮೇಲೆತ್ತಿ ನಿಂತ್ಕೋತೀನಿ. ನೀವು ನಿಮ್ಮ ಫೋನಲ್ಲಿ ತಟ್ಟಿ."

ಹಾಗೇ ಮಾಡಿದೆವು. ನಾನು ನಿಜಕ್ಕೂ ಗೋಡೆಗೆ ಆತು ಕೈ ಎತ್ತಿ ನಿಂತೆ. ನನ್ನ ಲ್ಯಾಪ್‌ಟಾಪಿನ ಪರದೆ ಕಪ್ಪಗಿತ್ತು. ಪ್ರೇಮ್ ತಮ್ಮ ಫೋನಿನಲ್ಲಿ ನನ್ನ ವಿಳಾಸ ಒತ್ತಿದರು. ಫೋನಿನ ತುಂಬ ಕ್ಲಸ್ಟರಿನ ಒಳಮನೆಯ ಹೆಸರುಗಳು ಸುರಿದವು, ಅವರಿಂದ ಒಂದು ಗುಟ್ಟಿನ ಅಕ್ಷರವನ್ನೂ ಕೇಳದೆ. ಕಾವಲಿನ ಪುಸ್ತಕ ತೆರೆದರು. ತೇಜಶ್ರೀ, ಹತ್ತೂ ಐವತ್ತಾರು. ಅವರಿಗೆ ಸಮಾಧಾನವಾಗಲಿಲ್ಲ. ಸುಭದ್ರಮ್ಮನನ್ನು ಕರೆದು ಅವರ ಫೋನಿನಿಂದಲೂ ಒತ್ತಿಸಿದರು. ತೇಜಶ್ರೀ, ಹತ್ತೂ ಐವತ್ತೆಂಟು.

"ಅಯ್ಯೋ, ನಾನು ತೇಜಶ್ರೀ ಆಗೋದ್ನಾ?" ಎಂದು ಸುಭದ್ರಮ್ಮ ಫೋನನ್ನು ಮೇಜಿನ ಮೇಲೆ ಇಟ್ಟು ಕೈ ಒರೆಸಿಕೊಂಡರು.

ಪ್ರೇಮ್ ತಮ್ಮ ಹಣೆ ತಿಕ್ಕಿಕೊಂಡರು. "ನಿಮ್ಮಿಬ್ಬರ ವಿಷಯ ಸೋಮವಾರ," ಎಂದರು. "ಸುಭದ್ರಮ್ಮ, ಸುಗತ ಅವರ ಲೆಟರ್ ಕೊಟ್ಬಿಡಿ."

ಸಂಜೆ ಐದಕ್ಕೆ ಸುಗತ ಲಿಫ್ಟಿನ ಮುಂದೆ ಹೆಗಲಿಗೆ ಬ್ಯಾಗು ಹಾಕಿಕೊಂಡು ನಿಂತಿದ್ದ, ಕೈಯಲ್ಲಿ ಲಕೋಟೆ. ನಾನು ಹತ್ತಿರ ಹೋದೆ. ಬೆಳಿಗ್ಗೆಯ ಸುದ್ದಿ ಅವನಿಗಾಗಲೇ ಮುಟ್ಟಿತ್ತು.

"ಪ್ರಾಕ್ಸಿನಾ ಅಂತ ನಿನ್ನೆನೇ ಕೇಳಿದ್ನಲ್ಲ."

"ಹೂಂ."

"ಇಲ್ಲ ಅಂದೆ."

"ನೀನೇ ಮಾಡಿದ್ದು ಅಂದ್ಕೊಂಡಿದ್ದೆ. ಸರಿಯಾಗಿ ಅದನ್ನೇ ಕೇಳಿದ್ಯಲ್ಲ, ಅದಕ್ಕೆ."

"ಅದನ್ನ ನಿನಗೆ ಹೇಳಿಕೊಟ್ಟಿದ್ದು ಯಾರು ತೇಜು? ನಾನೇ ತಾನೇ?" ಅವನು ನಕ್ಕನೋ, ಮೂಗಿನಲ್ಲಿ ಗಾಳಿ ಬಿಟ್ಟನೋ ತಿಳಿಯಲಿಲ್ಲ. ಲಕೋಟೆ ಹರಿದು ಕಾಗದ ಬಿಚ್ಚಿದ. ಅಲ್ಲೇ ನಿಂತು ಮೇಲಿನಿಂದ ಓದತೊಡಗಿದ. ಲಿಫ್ಟು ಬಂತು, ತೆರೆಯಿತು, ಮುಚ್ಚಿತು. ಅವನ ಕಣ್ಣು ಒಂದು ಕಡೆ ನಿಂತುಬಿಟ್ಟಿತ್ತು.

"ಇದೇನಿದು?"

ಸಹಿಯ ಮೇಲಿನ ಸಾಲು. ಆಂತರಿಕ ವಿಚಾರಣೆಯೊಂದು ಬಾಕಿ ಇರುವುದರಿಂದ ಇವರ ನಡತೆಯ ಬಗ್ಗೆ ಏನನ್ನೂ ಹೇಳಲಾಗದು ಎಂದಿತ್ತು. ನಿನ್ನೆ ಟೈಪಾದ ಕಾಗದವನ್ನೇ ಇವತ್ತು ಮುದ್ರಿಸಿ ಕೊಟ್ಟಿದ್ದರು. ಮರೆತು ಕೊಟ್ಟರೋ, ಇರಲಿ ಎಂದು ಕೊಟ್ಟರೋ. ಈ ಸಾಲಿನ ಜೊತೆ ಸೋಮವಾರ ಹೋಗುವುದೂ ಒಂದೇ, ಹೋಗದಿರುವುದೂ ಒಂದೇ.

"ಬಾ," ಎಂದೆ.

"ನಾನ್ ಬರಲ್ಲ. ಇನ್ನೊಂದು ಸಲ ಅಲ್ಲಿ ನಿಂತು ನಾನು ಒಳ್ಳೆಯವನು ಅಂತ ಹೇಳಲ್ಲ. ನೀನು ಹೋಗು."

ಕಾಗದ ಹಿಡಿದು ಓಡಿದೆ. ಸುಭದ್ರಮ್ಮ ಆಗಲೇ ಕೆ.ಆರ್. ಪುರದ ಬಸ್ಸಿಗೆಂದು ಚೀಲ ಹೆಗಲಿಗೇರಿಸಿದ್ದರು. "ಪ್ರೇಮ್ ಹೇಳ್ದೆ ಒಂದಕ್ಷರ ತೆಗಿಯೋಕಾಗಲ್ಲಮ್ಮ," ಎಂದರು. ಪ್ರೇಮ್ ಗಾಜಿನ ಕೋಣೆಯಲ್ಲಿ ಲ್ಯಾಬಿನವರೊಂದಿಗೆ ವಿಡಿಯೋ ಮೀಟಿಂಗಿನಲ್ಲಿದ್ದರು. ಪರದೆಯಲ್ಲಿ ಐದಾರು ಮುಖಗಳು. ಬಾಗಿಲು ತಳ್ಳಿ ಒಳಹೊಕ್ಕೆ.

"ಈ ಸಾಲು ನನ್ನದು, ಪ್ರೇಮ್. ರೂಟ್ ಹೋಗಿದ್ದು ನಾನು ತೆರೆದಿಟ್ಟ ಬಾಗಿಲಿಂದ. ಬರೀಬೇಕು ಅಂದ್ರೆ ನನ್ನ ಕಾಗದದಲ್ಲಿ ಬರೀರಿ, ಅವನದರಲ್ಲಿ ಬೇಡ."

ಪರದೆಯ ಮುಖಗಳು ನಿಶ್ಚಲವಾದವು. ಪ್ರೇಮ್ ದಡಬಡಿಸಿ ಧ್ವನಿ ಆರಿಸಿದರು. ಅವರ ಕುತ್ತಿಗೆ ಕೆಂಪಾಗಿತ್ತು. ಕಾಗದ ಓದಿದರು. ಪೆನ್ನು ತೆಗೆದು ಆ ಸಾಲಿನ ಮೇಲೆ ಗೀಟು ಎಳೆಯಹೊರಟರು.

"ಗೀಟು ಬೇಡ," ಎಂಬ ದನಿ ನನ್ನ ಬೆನ್ನ ಹಿಂದೆ ಕೇಳಿತು. ಬರಲ್ಲ ಎಂದವನು ಬಂದು ಬಾಗಿಲಲ್ಲಿ ನಿಂತಿದ್ದ. "ಗೀಟು ಇದ್ರೆ ಅದರ ಕೆಳಗೆ ಏನಿತ್ತು ಅಂತ ಕೇಳ್ತಾರೆ. ಹೊಸದು ಕೊಡಿ."

ಸುಭದ್ರಮ್ಮ ಗೊಣಗುತ್ತಾ ಚೀಲ ಇಳಿಸಿದರು. ಪ್ರಿಂಟರು ಬಿಸಿಯಾಗಲು ತನ್ನ ಹೊತ್ತು ತೆಗೆದುಕೊಂಡಿತು. ಹೊಸ ಕಾಗದ ಬಂತು, ಸಹಿ ಬಿತ್ತು, ಮೊಹರು ಬಿತ್ತು. ಸುಗತ ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದ. ಆಮೇಲೆ ನನ್ನ ಕೈಗೆ ಕೊಟ್ಟ.

"ನೀನು ಓದು. ಗಟ್ಟಿಯಾಗಿ."

ಕಂಪನಿಯ ಹೆಸರಿನಿಂದ ಮೊದಲುಮಾಡಿ ಓದಿದೆ. ಸೇರಿದ ದಿನ, ಬಿಟ್ಟ ದಿನ, ನಡತೆ ಉತ್ತಮ, ಸಹಿ. ಅವನು ಕಾಗದವನ್ನು ನೋಡುತ್ತಿರಲಿಲ್ಲ. ಯಾವುದಾದರೂ ಸಾಲನ್ನು ನಾನು ಹಾರಿಸುತ್ತೇನೋ ಎಂದು ಕೊನೆಯವರೆಗೂ ನನ್ನ ಬಾಯನ್ನೇ ನೋಡುತ್ತಿದ್ದ.